ಮೊದಲ ತಿಂಗಳಲ್ಲಿ ನಾವು ಹಾಗೇಕೆ ನಡೆದುಕೊಂಡೆವು?

2020ರ ಮಾರ್ಚ್ ಮೊದಲ ವಾರ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಮಾರಿಕಾಂಬೆ ಜಾತ್ರೆ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಬಿಡಕಿಬಯಲಿನಲ್ಲಿ ದೇವಿ ಕೂತಿದ್ದಳು. ಹಣ್ಣುಕಾಯಿ ಮಾಡಿಸುವವರ ಸಾಲು ಕರಗುತ್ತಲೇ ಇರಲಿಲ್ಲ. ತೊಟ್ಟಿಲು, ನಾಟಕ, ಮಿಠಾಯಿ ಅಂಗಡಿ, ಬಳೆ ಅಂಗಡಿ, ಎಲ್ಲ ಕಡೆ ಭುಜಕ್ಕೆ ಭುಜ ತಾಗುವಷ್ಟು ಜನ. ಅಷ್ಟೊತ್ತಿಗೆ ಟಿವಿಯಲ್ಲಿ ಕೊರೊನಾ ಸುದ್ದಿ ಬರತೊಡಗಿ ತಿಂಗಳ ಮೇಲಾಗಿತ್ತು. ದೇಶದ ಮೊದಲ ಪ್ರಕರಣ ಜನವರಿ 30ರಂದೇ ಕೇರಳದಲ್ಲಿ ಪತ್ತೆಯಾಗಿತ್ತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಸಾಂಕ್ರಾಮಿಕ ಎಂದು ಸಾರಿತು. ಅಲ್ಲಿಂದ ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಜನ ಊರ ದಾರಿಗೆ ಅಡ್ಡ ಮರ ಹಾಕಿ, ಬೇಲಿ ಕಟ್ಟಿ, ಹೊರಗಿನವರು ಬರಬೇಡಿ ಅಂತ ಬೋರ್ಡು ನಿಲ್ಲಿಸಿದ್ದರು.

ತಿಂಗಳ ಮೊದಲಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ತಿಂಗಳ ಕೊನೆಗೆ ಅಕ್ಕಪಕ್ಕದವರನ್ನು ಕಂಡರೂ ಹೆದರಿಕೆ. ಇದನ್ನು ನೋಡಿ "ನಮ್ಮ ಜನಕ್ಕೆ ಬುದ್ಧಿ ಇಲ್ಲ" ಅಂದವರು ಬಹಳ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಬ್ಬೊಬ್ಬರ ಜಾಗದಲ್ಲಿ ನಿಂತು, ಅವರಿಗೆ ಆ ದಿನ ಏನು ಗೊತ್ತಿತ್ತು, ಏನು ಕಾಣುತ್ತಿತ್ತು ಅಂತ ನೋಡಿದರೆ ಅವರು ಮಾಡಿದ್ದರಲ್ಲಿ ಒಂದು ಲೆಕ್ಕಾಚಾರ ಸಿಗುತ್ತದೆ. ಕೆಲವು ಸಲ ಆ ಲೆಕ್ಕ ಸರಿಯಾಗಿತ್ತು, ಕೆಲವು ಸಲ ಪೂರ್ತಿ ತಪ್ಪಿತ್ತು. ಯಾಕೆ ತಪ್ಪಿತು ಅನ್ನುವುದನ್ನು ಬಿಡಿಸಿ ನೋಡುವುದು ಮುಖ್ಯ. ಮುಂದೊಂದು ಸಲ ಇಂಥದ್ದು ಬಂದರೆ ಆಗಲೂ ಮೊದಲ ತಿಂಗಳು ಹೀಗೇ ಇರುತ್ತದೆ.

ಏನೂ ಇಲ್ಲ ಅನಿಸುವ ದಿನಗಳು

ಮೊದಲಿಗೆ ಹೆದರಿಕೆ ಯಾಕೆ ಹುಟ್ಟಲಿಲ್ಲ? ಅರ್ಧ ಉತ್ತರ ಬರೀ ಲೆಕ್ಕದ್ದು.

ಸೋಂಕು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂದು ಇಟ್ಟುಕೊಳ್ಳಿ. ಕೊರೊನಾ ಮೊದಮೊದಲು ಅನೇಕ ಕಡೆ ಹೆಚ್ಚುಕಮ್ಮಿ ಇದೇ ವೇಗದಲ್ಲಿ ಹಬ್ಬಿತು. ಇವತ್ತು ಒಬ್ಬರಿಗೆ ಇದೆ. ಮೂರು ದಿನಕ್ಕೆ ಇಬ್ಬರು, ಆರು ದಿನಕ್ಕೆ ನಾಲ್ವರು. ಹದಿನೈದನೇ ದಿನಕ್ಕೆ 32 ಜನ. ಮೂವತ್ತನೇ ದಿನಕ್ಕೆ 1,024. ಅಂದರೆ ಮೊದಲ ಹದಿನೈದು ದಿನ ನೋಡಿದವರಿಗೆ ಸಿಕ್ಕಿದ್ದು ಮೂವತ್ತು ಚಿಲ್ಲರೆ ಪ್ರಕರಣ. ಮುಂದಿನ ಹದಿನೈದೇ ದಿನದಲ್ಲಿ ಅದಕ್ಕೆ ಸಾವಿರದ ಹತ್ತಿರ ಸೇರಿತು. ನಾವು ದಿನನಿತ್ಯ ಹಾಕುವುದು ಕೂಡುವ ಲೆಕ್ಕ. ನಿನ್ನೆ ಎರಡು ಜಾಸ್ತಿಯಾಯಿತು, ನಾಳೆಯೂ ಎರಡು ಜಾಸ್ತಿಯಾದೀತು ಅಂದುಕೊಳ್ಳುತ್ತೇವೆ. ದುಪ್ಪಟ್ಟಿನ ಲೆಕ್ಕ ಮೊದಲ ಕೆಲವು ದಿನ ಕೂಡುವ ಲೆಕ್ಕದ ಹಾಗೇ ಕಾಣುತ್ತದೆ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ತಡವಾದ ಮೇಲೆ. 2020ರ ಮಾರ್ಚ್ 1ರಂದು ಇಡೀ ಭಾರತದಲ್ಲಿ ಅಲ್ಲಿವರೆಗೆ ಪತ್ತೆಯಾಗಿದ್ದದ್ದು 3 ಪ್ರಕರಣ. ಮೂವರೂ ಗುಣವಾಗಿದ್ದರು. ಮಾರ್ಚ್ 24ರ ಹೊತ್ತಿಗೆ ಅದು 500 ದಾಟಿತ್ತು.

ಇನ್ನೊಂದು ಮಾತಿದೆ, ಇದು ಇನ್ನೂ ಮುಖ್ಯ. ನಮಗೆ ಕಾಣುವ ಸಂಖ್ಯೆ ಇವತ್ತಿನದಲ್ಲ. ಸೋಂಕು ತಗಲಿದ ದಿನವೇ ಜ್ವರ ಬರುವುದಿಲ್ಲ. ಸರಾಸರಿ 5-6 ದಿನ ಬೇಕು, ಕೆಲವರಿಗೆ 14 ದಿನದವರೆಗೂ ಹಿಡಿಯುತ್ತದೆ. ಜ್ವರ ಬಂದ ಮೇಲೆ ಎರಡು ದಿನ ಮನೆಮದ್ದು. ಆಮೇಲೆ ಡಾಕ್ಟರು. ಆಮೇಲೆ ಗಂಟಲು ದ್ರವದ ಪರೀಕ್ಷೆ. ಆ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಪರೀಕ್ಷೆ ಮಾಡುವ ಲ್ಯಾಬ್ ಇರಲಿಲ್ಲ. ಸ್ಯಾಂಪಲ್ ಬೇರೆ ಊರಿಗೆ ಹೋಗಿ, ಅಲ್ಲಿಂದ ಫಲಿತಾಂಶ ಬರಬೇಕಿತ್ತು. ಎಲ್ಲ ಕೂಡಿಸಿದರೆ ಪೇಪರಿನಲ್ಲಿ ಇವತ್ತು ಓದುವ ಸಂಖ್ಯೆ ಹತ್ತು ಹನ್ನೆರಡು ದಿನ ಹಿಂದಿನ ಸೋಂಕಿನದು. ಶಿರಸಿ, ಸಿದ್ದಾಪುರದ ಕಡೆ ಬಿದ್ದ ಮಳೆ ಅಘನಾಶಿನಿಯಲ್ಲಿ ಇಳಿದು ಬಂದು ಕುಮಟೆಯ ಕಡೆ ನೀರು ಏರುವುದಕ್ಕೆ ಹೊತ್ತು ಹಿಡಿಯುತ್ತದಲ್ಲ, ಹಾಗೆ. ಕೆಳಗಿನವರು ಹೊಳೆ ನೋಡಿ "ಇಲ್ಲಿ ಏನೂ ಇಲ್ಲ" ಅನ್ನುವ ಹೊತ್ತಿಗೆ ಮೇಲೆ ಬೀಳಬೇಕಾದ ಮಳೆ ಬಿದ್ದಾಗಿರುತ್ತದೆ.

ಜೊತೆಗೆ, ಈ ಕಾಯಿಲೆ ಹೆಚ್ಚಿನವರಿಗೆ ಸಣ್ಣದಾಗಿಯೇ ಬಂದು ಹೋಗುತ್ತಿತ್ತು. 2020ರ ಫೆಬ್ರವರಿಯಲ್ಲಿ ಚೀನಾದ ಅಧಿಕಾರಿಗಳು 44,000ಕ್ಕೂ ಹೆಚ್ಚು ರೋಗಿಗಳ ವಿವರ ಪ್ರಕಟಿಸಿದ್ದರು. ಅದರಲ್ಲಿ 81 ಶೇಕಡಾ ಜನರಿಗೆ ತೀವ್ರವಲ್ಲದ ಕಾಯಿಲೆ. ಎಂಟು ಜನ ಸುಮ್ನೆ ಕೆಮ್ಮಿ ಎದ್ದು ಓಡಾಡಿದರೆ, ಉಳಿದ ಇಬ್ಬರ ಗತಿ ಏನಾಯಿತು ಅನ್ನುವುದು ಊರಿಗೆ ಗೊತ್ತಾಗುವುದು ನಿಧಾನ.

ಇನ್ನರ್ಧ ಉತ್ತರ ಅನುಭವದ್ದು. 2003ರಲ್ಲಿ ಸಾರ್ಸ್ ಅಂತ ಟಿವಿಯವರು ಹೆದರಿಸಿದರು, ನಮ್ಮ ಊರಿಗೆ ಬರಲಿಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಬಂತು. ಆಗ ಇಲ್ಲೂ ಬಾವಲಿ ಕಚ್ಚಿದ ಹಣ್ಣಿನ ಮಾತು ಮನೆಮನೆಯಲ್ಲಿ ಇತ್ತು. ಅದೂ ಅಲ್ಲೇ ನಿಂತಿತು. ಪ್ರತಿ ಸಲವೂ ಸುದ್ದಿ ಬಂತು, ಕಾಯಿಲೆ ಬರಲಿಲ್ಲ. ಹೀಗಿರುವಾಗ "ಮಾರಾಯ್ರೆ, ಇದೂ ಹಾಗೇ ಹೋಗ್ತದೆ" ಅಂದವರನ್ನು ಹೇಗೆ ಬೈಯುವುದು? ತಾವು ಕಂಡದ್ದರ ಮೇಲೆಯೇ ಅವರು ಮಾತಾಡಿದ್ದರು.

ಕೊನೆಯದಾಗಿ, ಹೆದರಬೇಕೋ ಬೇಡವೋ ಅನ್ನುವುದನ್ನು ನಾವು ಒಬ್ಬರೇ ಕೂತು ತೀರ್ಮಾನಿಸುವುದಿಲ್ಲ. ಪಕ್ಕದವರ ಮುಖ ನೋಡುತ್ತೇವೆ. ಟೆಂಪೋ ಸ್ಟ್ಯಾಂಡಿನಲ್ಲಿ ಯಾರೂ ಮಾಸ್ಕ್ ಹಾಕದಿದ್ದಾಗ ಒಬ್ಬರೇ ಹಾಕಿಕೊಂಡು ನಿಲ್ಲಲು ನಾಚಿಕೆ. ಐದು ಜನ ಹಾಕಿದ್ದು ಕಂಡರೆ ಆರನೆಯವರು ಹಾಕುತ್ತಾರೆ. ಇಪ್ಪತ್ತು ಜನ ಹಾಕಿದ ಮೇಲೆ ಹಾಕದವರಿಗೆ ನಾಚಿಕೆ. ಒಬ್ಬೊಬ್ಬರಿಗೆ ಒಂದೊಂದು ಮಿತಿ ಇರುತ್ತದೆ. ಹಾಗಾಗಿ ಬದಲಾವಣೆ ಮೊದಲು ಕಾಣುವುದೇ ಇಲ್ಲ, ಆಮೇಲೆ ಒಂದೇ ಸಲ ಆಗುತ್ತದೆ. ನಮ್ಮಲ್ಲಿ ಆ ದಿನ ಮಾರ್ಚ್ 22, ಜನತಾ ಕರ್ಫ್ಯೂ. ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಪೇಟೆಯೆಲ್ಲ ಮುಚ್ಚಿತ್ತು. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ ಖಾಲಿ. ಎಲ್ಲರೂ ಹೆದರಿದ್ದಾರೆ ಅನ್ನುವುದು ಎಲ್ಲರಿಗೂ ಒಂದೇ ದಿನ ಕಾಣಿಸಿತು.

ಅಂಗಡಿ ಖಾಲಿಯಾಗಲು ದುರಾಸೆ ಬೇಕಿಲ್ಲ

ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ದೇಶವೇ ಬಂದ್ ಎಂದರು. ನಾಲ್ಕು ಗಂಟೆಯ ಸಮಯ. ಮರುದಿನ ಯುಗಾದಿ ಬೇರೆ. ಆ ರಾತ್ರಿ ಕಿರಾಣಿ ಅಂಗಡಿಗಳ ಮುಂದೆ ಜನ ಮುಗಿಬಿದ್ದದ್ದು ನೆನಪಿರಬಹುದು. ಆಮೇಲೆ ಬಂದ ಮಾತು: "ದುರಾಸೆ, ಸಿಕ್ಕಿದ್ದೆಲ್ಲ ಬಾಚಿಕೊಂಡರು."

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಗೆ 300 ಮನೆ ಗಿರಾಕಿ ಅಂತ ಇಟ್ಟುಕೊಳ್ಳಿ. ಎಲ್ಲರೂ ತಿಂಗಳಿಗೊಮ್ಮೆ ಸಾಮಾನು ಒಯ್ಯುತ್ತಾರೆ. ಅಂದರೆ ದಿನಕ್ಕೆ ಹತ್ತು ಮನೆ. ಅಂಗಡಿಯವರು ಒಂದು ವಾರದ ದಾಸ್ತಾನು ಇಟ್ಟರೆ 70 ಮನೆಗೆ ಸಾಕು. ಈಗ 300 ಮನೆಯವರೂ ಎರಡೇ ದಿನದಲ್ಲಿ ಬಂದು, ಯಾವಾಗಲೂ ಒಯ್ಯುವಷ್ಟೇ ಅಕ್ಕಿ, ಬೇಳೆ, ಎಣ್ಣೆ ಕೇಳಿದರು. ಒಬ್ಬರೂ ಒಂದು ಕೆಜಿ ಜಾಸ್ತಿ ಒಯ್ಯಲಿಲ್ಲ. ಆದರೂ 230 ಮನೆಗೆ ಸಾಮಾನಿಲ್ಲ. ಇಲ್ಲಿ ಯಾರ ದುರಾಸೆಯೂ ಇಲ್ಲ. ಎಲ್ಲರೂ ಒಟ್ಟಿಗೆ ಬಂದದ್ದೇ ತೊಂದರೆ. ಖಾಲಿ ಕಪಾಟು ನೋಡಿದವರು ಮನೆಗೆ ಹೋಗಿ ಫೋನ್ ಮಾಡಿ, "ಅಕ್ಕಾ, ಬೇಗ ಹೋಗಿ ತಂದಿಟ್ಟುಕೊಳ್ಳಿ" ಅನ್ನುತ್ತಾರೆ. ಅಲ್ಲಿಗೆ ನಿಜವಾದ ಕೊರತೆ ಶುರು.

ಕರಾವಳಿಯಲ್ಲಿ ಸಾಮಾನು ಕೂಡಿಡುವುದು ಹೊಸತೇನಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಣಮೀನು, ಹಪ್ಪಳ, ಉಪ್ಪಿನಕಾಯಿ, ಕಟ್ಟಿಗೆ, ಅಕ್ಕಿ ಎಲ್ಲ ಅಟ್ಟ ಸೇರುತ್ತದೆ. ಅದನ್ನು ಯಾರೂ ದುರಾಸೆ ಅನ್ನುವುದಿಲ್ಲ, ಮನೆವಾರ್ತೆ ಗೊತ್ತಿದ್ದವರು ಅನ್ನುತ್ತಾರೆ. ಅದು ಯಾಕೆ ಕೆಡುವುದಿಲ್ಲ? ಮಳೆ ಜೂನ್‌ಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎರಡು ತಿಂಗಳಲ್ಲಿ ನಿಧಾನ ಕೂಡಿಡುತ್ತಾರೆ. ಅಂಗಡಿಯವರಿಗೂ ಗೊತ್ತಿರುತ್ತದೆ, ಅವರೂ ಜಾಸ್ತಿ ತರಿಸುತ್ತಾರೆ. ಅದೇ ಜನ, ಅದೇ ಸ್ವಭಾವ. ಮಾರ್ಚ್‌ನಲ್ಲಿ ಸಿಗದೇ ಹೋದದ್ದು ಸಮಯ ಮಾತ್ರ. "ಅಂಗಡಿ ತೆರೆದೇ ಇರುತ್ತದೆ, ಲಾರಿ ಬರುತ್ತದೆ" ಅನ್ನುವ ಮಾತು ನಂಬುವ ಹಾಗೆ ಮೊದಲೇ ತಲುಪಿದ್ದರೆ ಆ ಸಾಲು ಅಷ್ಟು ಉದ್ದ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಮಾಸ್ಕಿನ ಕತೆ ಬೇರೆ. ಅಲ್ಲಿ ಲಾಭ ಹೊಡೆದವರು ಖಂಡಿತ ಇದ್ದರು. ಕೊನೆಗೆ ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿ.ಲೀ. ಸ್ಯಾನಿಟೈಸರಿಗೆ 100 ರೂಪಾಯಿ ಮೀರಬಾರದು ಎಂದು ದರ ಕಟ್ಟಬೇಕಾಯಿತು.

ಭಟ್ಕಳದ ಹೆಸರು

ನಮ್ಮ ಜಿಲ್ಲೆಯ ಮೊದಲ ಪ್ರಕರಣಗಳು ಮಾರ್ಚ್ ಕೊನೆಯ ವಾರ ಭಟ್ಕಳದಲ್ಲಿ ಬಂದವು. ದುಬೈಯಿಂದ ಬಂದವರು, ಅವರ ಮನೆಯವರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಭಟ್ಕಳದ ನವಾಯತ ಮುಸ್ಲಿಮರಿಗೆ ಕೊಲ್ಲಿ ದೇಶಗಳ ಜೊತೆ ಹಳೆಯ ನಂಟು. ಮನೆಗೊಬ್ಬರಾದರೂ ಅಲ್ಲಿ ದುಡಿಯುವವರು ಇರುತ್ತಾರೆ. ವೈರಸ್ ವಿಮಾನದ ದಾರಿಯಲ್ಲಿ ಬಂತು. ಬೆಂಗಳೂರಿಗೆ ಅಮೆರಿಕದಿಂದ ಬಂದ ಹಾಗೆ, ಕಲಬುರಗಿಗೆ ಸೌದಿಯಿಂದ ಬಂದ ಹಾಗೆ, ಇಲ್ಲಿಗೆ ದುಬೈಯಿಂದ ಬಂತು.

ಆದರೆ ಊರು ಮಾತಾಡಿದ್ದು ವಿಮಾನದ ದಾರಿಯನ್ನಲ್ಲ. ಭಟ್ಕಳ ಅಂದರೆ ಕಾಯಿಲೆ ಅನ್ನುವ ಹಾಗಾಯಿತು. ಪಟ್ಟಣ ಪೂರ್ತಿ ಸೀಲ್ ಆಯಿತು. ಭಟ್ಕಳದ ಗಾಡಿ, ಭಟ್ಕಳದ ಹೆಸರು, ಭಟ್ಕಳದ ಸಮುದಾಯ, ಎಲ್ಲದರ ಮೇಲೂ ಕಣ್ಣು. ದಿಲ್ಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಗಿ ಜಮಾತ್ ಸಭೆಯಿಂದ ಸೋಂಕು ಹರಡಿದ ಸುದ್ದಿ ಅದೇ ಹೊತ್ತಿಗೆ ಬಂದು ಬೆಂಕಿಗೆ ತುಪ್ಪ ಸುರಿಯಿತು. ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಕೇರಿಗೆ ಬಿಡಬೇಡಿ ಅನ್ನುವ ಮೆಸೇಜುಗಳು ಓಡಾಡಿದವು. ನೋವಿನ ದಿನಗಳು ಅವು. ಮೇ ತಿಂಗಳಲ್ಲಿ ಮುಂಬೈಯಿಂದ ನಮ್ಮವರೇ ಮರಳಿ ಬರತೊಡಗಿದಾಗ ಅದೇ ಕಣ್ಣು ಅವರ ಮೇಲೂ ಬಿತ್ತು. ಹೋಟೆಲಿನಲ್ಲಿ, ಬೇಕರಿಯಲ್ಲಿ ದುಡಿದು ಇಷ್ಟು ವರ್ಷ ಊರಿನ ದೇವಸ್ಥಾನಕ್ಕೆ ದೇಣಿಗೆ ಕಳಿಸಿದ ಹುಡುಗರು. ಅವರಿಗೆ ಊರ ಬಾವಿಯ ನೀರೂ ಬೇಡ ಅಂದವರಿದ್ದರು.

ಹೊರಗಿನವರನ್ನು ಶಂಕಿಸುವುದು ಯಾಕೆ ಇಷ್ಟು ಬೇಗ ಬರುತ್ತದೆ? ಕಣ್ಣಿಗೆ ಕಾಣದ ವೈರಸ್ಸಿಗೆ ಮನಸ್ಸು ಕಾಣುವ ಗುರುತು ಹುಡುಕುತ್ತದೆ. ಮೊದಲ ದಿನಗಳಲ್ಲಿ ಆ ಗುರುತಿಗೆ ಸ್ವಲ್ಪ ಆಧಾರವೂ ಇತ್ತು, ಅಲ್ವಾ? ಸೋಂಕು ಪ್ರಯಾಣಿಕರ ಜೊತೆಯೇ ಬರುತ್ತಿತ್ತು. ಪ್ರಯಾಣ ಮಾಡಿದವರು 14 ದಿನ ಬೇರೆ ಇರಬೇಕು ಅನ್ನುವುದು ಸರಿಯಾದ ಸಲಹೆ. ಆದರೆ ಪ್ರಯಾಣಕ್ಕೆ ಅಂಟಬೇಕಾದ ಗುರುತು ಜಾತಿಗೆ, ಧರ್ಮಕ್ಕೆ, ಊರಿಗೆ ಅಂಟಿಕೊಂಡಿತು. ಸರ್ಕಾರದ ಕ್ರಮಗಳೂ ಕೆಲವೊಮ್ಮೆ ಅದನ್ನೇ ಗಟ್ಟಿ ಮಾಡಿದವು. ಹೊರದೇಶದಿಂದ ಬಂದವರ ಕೈಮೇಲೆ ಮುದ್ರೆ ಒತ್ತಿದರು, ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದರು. ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂಬ ಆ್ಯಪ್ ಕೂಡ ನಮ್ಮ ರಾಜ್ಯದಲ್ಲಿ ಬಂತು. ಉದ್ದೇಶ ಸೋಂಕು ತಡೆಯುವುದೇ. ಬಾಗಿಲ ಮೇಲಿನ ಆ ಕಾಗದ ಓದಿದ ಕೇರಿಯವರಿಗೆ ಮಾತ್ರ ಅದು ಅಪರಾಧಿಯ ಮನೆ ಅನ್ನುವ ಹಾಗೆ ಕಂಡಿತು.

ಅವಮಾನದಿಂದ ಆಗುವ ಹಾನಿ ಮನಸ್ಸಿಗಷ್ಟೇ ಅಲ್ಲ. ಜ್ವರ ಬಂದರೆ ಮನೆಗೆ ನೋಟಿಸ್ ಬೀಳುತ್ತದೆ, ಆಂಬುಲೆನ್ಸ್ ಬಂದು ನಿಲ್ಲುತ್ತದೆ, ಯಾರೋ ವಿಡಿಯೋ ಮಾಡುತ್ತಾರೆ ಅಂತ ಗೊತ್ತಾದರೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಪ್ಯಾರಾಸಿಟಮಾಲ್ ನುಂಗಿ ಒಳಗೆ ಮಲಗುತ್ತಾರೆ. ಮುಚ್ಚಿಟ್ಟ ಒಂದೊಂದು ಜ್ವರವೂ ಮೇಲೆ ಹೇಳಿದ ದುಪ್ಪಟ್ಟಿನ ಲೆಕ್ಕಕ್ಕೆ ಸೇರುತ್ತದೆ.

ಭಟ್ಕಳದ ಮೊದಲ ರೋಗಿಗಳಿಗೆ ಚಿಕಿತ್ಸೆ ನಡೆದದ್ದು 120 ಕಿ.ಮೀ.ಗೂ ದೂರದ ಕಾರವಾರದಲ್ಲಿ, ಕದಂಬ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ. ನೌಕಾಪಡೆಯ ಆಸ್ಪತ್ರೆ ಊರಿನ ಸಾಮಾನ್ಯ ಜನರನ್ನು ಒಳಗೆ ತೆಗೆದುಕೊಂಡು ನೋಡಿಕೊಂಡಿತು, ಗುಣ ಮಾಡಿ ಕಳಿಸಿತು. ಆ ಸುದ್ದಿಗೆ ಮೊದಲ ಸುದ್ದಿಯಷ್ಟು ಜಾಗ ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ನೂರ ಇಪ್ಪತ್ತು ವರ್ಷ ಹಿಂದಿನ ಮಾರ್ಚ್

ಇದೆಲ್ಲ ವಾಟ್ಸ್ಆ್ಯಪ್ ಕಾಲದ ಹುಚ್ಚು ಅನ್ನುವವರು 1896ರ ಮುಂಬೈಯನ್ನು ನೋಡಬೇಕು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಇದೆ ಎಂದು ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್. ಮುಂದಿನ ತಿಂಗಳುಗಳಲ್ಲಿ ಲಕ್ಷಾಂತರ ಜನ ರೈಲು, ಹಡಗು, ಕಾಲ್ನಡಿಗೆ, ಸಿಕ್ಕಿದ ದಾರಿಯಲ್ಲಿ ಮುಂಬೈ ಬಿಟ್ಟರು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. 2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂರಿಸಲು ಬಳಸಿದ ಕಾನೂನುಗಳಲ್ಲಿ ಅದೂ ಒಂದು. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು, ಸಾಮಾನು ಸುಟ್ಟರು, ಹೆಂಗಸರ ಮೈ ಪರೀಕ್ಷೆ ಮಾಡಿದರು. ಜನ ರೋಗಿಗಳನ್ನು ಬಚ್ಚಿಟ್ಟರು. ಸಿಟ್ಟು ಎಷ್ಟು ಏರಿತೆಂದರೆ ಆ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು.

ಪ್ಲೇಗ್ ಹುಬ್ಬಳ್ಳಿ, ಧಾರವಾಡಕ್ಕೆ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ನಮ್ಮ ನಾಡಿನ ಎಷ್ಟೋ ಹಳ್ಳಿಗಳು ಆಗ ಮಾಡಿದ್ದು ಒಂದೇ ಕೆಲಸ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ, ತೋಟದಲ್ಲಿ ಗುಡಿಸಲು ಹಾಕಿಕೊಂಡು ಇರುವುದು. ಅಜ್ಜ ಅಜ್ಜಿಯರ ಬಾಯಲ್ಲಿ ಆ ಕತೆ ಕೇಳದವರು ಕಮ್ಮಿ. ಆ ಹೊತ್ತಿಗೆ ಅಧಿಕಾರಿಗಳು ಚರಂಡಿಗೆ ಕಾರ್ಬಾಲಿಕ್ ಆ್ಯಸಿಡ್ ಸುರಿಯುತ್ತಿದ್ದರು. ಕೊಳಕಿನಿಂದ, ಕೆಟ್ಟ ಗಾಳಿಯಿಂದ ಕಾಯಿಲೆ ಬರುತ್ತದೆ ಅನ್ನುವುದು ಅವರಲ್ಲಿ ಅನೇಕರ ತಿಳಿವಳಿಕೆ. ಇಲಿಯ ಮೈಮೇಲಿನ ಚಿಗಟ ಪ್ಲೇಗ್ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿಕೊಟ್ಟದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ವರ್ಷಗಳು ಹಿಡಿದವು. ಅಂದರೆ ಇಲಿ ಬಿದ್ದ ಮನೆಯನ್ನು ಬಿಟ್ಟ ಹಳ್ಳಿಯವರು ಸರ್ಕಾರಕ್ಕಿಂತ ಮುಂದಿದ್ದರು.

ಈಗ ಅದೇ ನಡವಳಿಕೆಯನ್ನು 2020ಕ್ಕೆ ಇಟ್ಟು ನೋಡಿ. ಕಾಯಿಲೆ ಬಂದ ಜಾಗ ಬಿಟ್ಟು ಹೋಗು ಅನ್ನುವುದು ಇಲಿಯಿಂದ ಬರುವ ಕಾಯಿಲೆಗೆ ಸರಿ. ಇಲಿ ಹಳೆಯ ಮನೆಯಲ್ಲೇ ಉಳಿಯುತ್ತದೆ. ಕೊರೊನಾ ಇರುವುದು ಮನುಷ್ಯರ ಉಸಿರಿನಲ್ಲಿ. ಊರು ಬಿಟ್ಟವರ ಜೊತೆಗೇ ಅದೂ ಹೊರಡುತ್ತದೆ, ಅದೂ ಜ್ವರ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಹರಡುತ್ತಾ. ಪ್ಲೇಗಿನಲ್ಲಿ ಜೀವ ಉಳಿಸಿದ ಬುದ್ಧಿಯೇ ಇಲ್ಲಿ ಊರಿಗೆ ಸೋಂಕು ತಂದಿತು. ಈ ಒಂದು ವಿಷಯ ಅರ್ಥವಾದರೆ ಮೊದಲ ತಿಂಗಳ ಎಲ್ಲ ಗೊಂದಲವೂ ಅರ್ಥವಾಗುತ್ತದೆ ಅಂತ ನನಗನಿಸುತ್ತದೆ. ಓಡುವುದು, ಕೂಡಿಡುವುದು, ದಾರಿ ಮುಚ್ಚುವುದು, ದೇವರ ಮೊರೆ ಹೋಗುವುದು, ಇವೆಲ್ಲ ನಮ್ಮ ಹಿರಿಯರು ಪರೀಕ್ಷೆ ಮಾಡಿ ನೋಡಿದ ಉಪಾಯಗಳು. ಯಾವ ಉಪಾಯ ಯಾವಾಗ ನಡೆಯುತ್ತದೆ ಅನ್ನುವುದು ಕಾಯಿಲೆ ಹೇಗೆ ಹರಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಮಾರ್ಚ್ 2020ರಲ್ಲಿ ಜನರಿಗೆ ಸಾವಿನ ಸಂಖ್ಯೆ ದಿನಕ್ಕೆ ನೂರು ಸಲ ಸಿಕ್ಕಿತು. ಹೇಗೆ ಹರಡುತ್ತದೆ ಅನ್ನುವ ವಿವರ ಸಿಕ್ಕಿದ್ದು ಬಹಳ ಕಮ್ಮಿ.

ಕಷಾಯ, ಕೋಳಿ, ಮಾಸ್ಕ್

ವಿವರ ಇಲ್ಲದ ಕಡೆ ವದಂತಿ ಕೂರುತ್ತದೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಫೆಬ್ರವರಿಯಲ್ಲೇ ಹಬ್ಬಿತ್ತು. ಕೋಳಿ ದರ ಪಾತಾಳಕ್ಕೆ ಇಳಿಯಿತು, ಸಾಲ ಮಾಡಿ ಫಾರ್ಮ್ ಹಾಕಿದವರು ಮುಳುಗಿದರು. ಕೋಳಿಗೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ. ನಮ್ಮ ಸೆಕೆಗೆ ವೈರಸ್ ಉಳಿಯುವುದಿಲ್ಲ ಅನ್ನುವುದು ಕರಾವಳಿಗೆ ಬಹಳ ಇಷ್ಟವಾದ ಮಾತು. ಸೆಕೆಯ ನಾಡುಗಳಲ್ಲೂ ಅದು ಚೆನ್ನಾಗಿಯೇ ಹಬ್ಬಿತು. ವೈರಸ್ಸಿನ ಆಯಸ್ಸು 12 ಗಂಟೆ, ಜನತಾ ಕರ್ಫ್ಯೂ 14 ಗಂಟೆ, ಹಾಗಾಗಿ ಒಂದೇ ದಿನಕ್ಕೆ ಎಲ್ಲ ಮುಗಿಯುತ್ತದೆ ಅನ್ನುವ ಮೆಸೇಜ್ ನಿಮಗೂ ಬಂದಿರಬೇಕು. ಕೇಳಲು ಎಷ್ಟು ಸರಿಯಾದ ಲೆಕ್ಕ! ಆದರೆ ವೈರಸ್ ಇರುವುದು ಬಾಗಿಲ ಚಿಲಕದ ಮೇಲೆ ಮಾತ್ರ ಅಲ್ಲ. ಮನುಷ್ಯರ ಮೈಯೊಳಗೆ ಅದು ದಿನಗಟ್ಟಲೆ ಬೆಳೆಯುತ್ತಿರುತ್ತದೆ. ಆ ಒಂದು ವಾಕ್ಯ ಗೊತ್ತಿದ್ದರೆ ಈ ಲೆಕ್ಕ ತಾನೇ ಬೀಳುತ್ತಿತ್ತು.

ಕಷಾಯವನ್ನು ವದಂತಿಗಳ ಜೊತೆ ಇಡಲು ನನಗೆ ಮನಸ್ಸಿಲ್ಲ. ಅಮೃತಬಳ್ಳಿ, ಶುಂಠಿ, ಕಾಳುಮೆಣಸು, ಜೀರಿಗೆ ಹಾಕಿ ಕುದಿಸಿದ ಕಷಾಯ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಗಂಟಲಿಗೆ ಹಿತ, ಮನೆಯವರು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನ. ಅದು ಕೊರೊನಾ ಗುಣ ಮಾಡುತ್ತದೆ ಅನ್ನುವ ನಂಬಿಕೆ ಹೇಗೆ ಹುಟ್ಟಿತು ನೋಡಿ. ಹತ್ತು ಜನರಿಗೆ ಸೋಂಕಾದರೆ ಎಂಟು ಜನ ಏನೂ ಮಾಡದಿದ್ದರೂ ಏಳುತ್ತಾರೆ. ಆ ಹತ್ತೂ ಜನ ಕಷಾಯ ಕುಡಿದಿದ್ದರೆ ಎಂಟು ಜನ "ಕಷಾಯದಿಂದ ಹುಷಾರಾದೆ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ತೊಂದರೆ ಆಗುವುದು ಕಷಾಯ ಕುಡಿದಿದ್ದೇನೆ ಅನ್ನುವ ಧೈರ್ಯದಲ್ಲಿ ಉಸಿರು ಕಟ್ಟುವವರೆಗೆ ಆಸ್ಪತ್ರೆಗೆ ಹೋಗದೇ ಇದ್ದಾಗ.

ನಂಬಿಕೆ ಕೆಡಲು ವದಂತಿ ಒಂದೇ ಕಾರಣವಲ್ಲ. ಮಾಸ್ಕ್ ವಿಷಯವನ್ನೇ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಆರೋಗ್ಯವಂತರಿಗೆ ಮಾಸ್ಕ್ ಬೇಡ ಎಂದರು. ಏಪ್ರಿಲ್ ಮೊದಲ ವಾರ ಮನೆಯಲ್ಲೇ ಹೊಲಿದು ಎಲ್ಲರೂ ಹಾಕಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಜೂನ್‌ನಲ್ಲಿ ತನ್ನ ಸಲಹೆ ಬದಲಿಸಿತು. ಹಾಗೆ ಬದಲಿಸಿದ್ದು ಸರಿಯೇ. ಜ್ವರ ಇಲ್ಲದವರಿಂದಲೂ ಸೋಂಕು ಹರಡುತ್ತದೆ ಅನ್ನುವುದು ಆ ನಡುವೆ ಗಟ್ಟಿಯಾಯಿತು, ಜೊತೆಗೆ ಮೊದಲಿಗೆ ಆಸ್ಪತ್ರೆಯವರಿಗೇ ಮಾಸ್ಕ್ ಸಾಲುತ್ತಿರಲಿಲ್ಲ. ಆದರೆ "ಇದು ಇವತ್ತಿನ ತಿಳಿವಳಿಕೆ, ನಾಳೆ ಬದಲಾಗಬಹುದು" ಅಂತ ಮೊದಲೇ ಹೇಳಿದ್ದರೆ ಜನ ತಾಳಿಕೊಳ್ಳುತ್ತಿದ್ದರು. ಹವಾಮಾನದವರು ನಾಳೆಯ ಮಾತು ಬದಲಿಸಿದರೆ ನಾವು ಸಿಟ್ಟಾಗುವುದಿಲ್ಲವಲ್ಲ.

ಮನೆಯಲ್ಲಿ ಇರಲು ಮನೆ ನಡೆಯಬೇಕು

ಇನ್ನು "ಹೇಳಿದರೂ ಕೇಳದೆ ಹೊರಗೆ ಬಂದರು" ಅನ್ನುವ ದೂರು. ಕಾರವಾರದ ಬೈತಖೋಲದಲ್ಲಿ ಮೀನುಗಾರಿಕೆ ಬೋಟುಗಳು ನಿಂತವು. ತದಡಿ, ಹೊನ್ನಾವರ, ಭಟ್ಕಳದಲ್ಲೂ ನಿಂತವು. ಒಡಿಶಾ, ಜಾರ್ಖಂಡ್ ಕಡೆಯಿಂದ ಬೋಟಿನ ಕೆಲಸಕ್ಕೆ ಬಂದವರು ಬಂದರಿನಲ್ಲೇ ಸಿಕ್ಕಿಬಿದ್ದರು. ಬುಟ್ಟಿಯಲ್ಲಿ ಬಂಗಡೆ, ತಾರ್ಲೆ ಹೊತ್ತು ಮನೆಮನೆಗೆ ಮಾರುವ ಹೆಂಗಸರಿಗೆ ಅವತ್ತಿನ ಮಾರಾಟವೇ ಅವತ್ತಿನ ಊಟ. ಪಾತಿ ದೋಣಿಯವನು ಒಬ್ಬನೇ ಸಮುದ್ರಕ್ಕೆ ಹೋದರೆ ಯಾರಿಗೆ ಸೋಂಕು ತಗಲುತ್ತದೆ ಅನ್ನುವ ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಏಪ್ರಿಲ್ ಎರಡನೇ ವಾರ ಕೇಂದ್ರ ಸರ್ಕಾರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು. ಆ ವರ್ಷದ ಮಳೆಗಾಲದ ನಿಷೇಧವನ್ನೂ 61 ದಿನದಿಂದ 47 ದಿನಕ್ಕೆ ಇಳಿಸಿತು.

ಬನವಾಸಿಯ ಅನಾನಸ್ ಬೆಳೆಗಾರರು ಕೊಯ್ದ ಹಣ್ಣನ್ನು ಉತ್ತರ ಭಾರತಕ್ಕೆ ಕಳಿಸಲಾಗದೆ ಕೂತರು. ಯಕ್ಷಗಾನ ಮೇಳಗಳು ತಿರುಗಾಟದ ನಡುವೆಯೇ ನಿಂತವು. ಕಲಾವಿದರಿಗೆ ಮಳೆಗಾಲ ಕಳೆಯಲು ಬೇಕಾದ ದುಡಿಮೆ ಅದು. ಮಾಜಾಳಿಯ ಗಡಿ ಮುಚ್ಚಿದಾಗ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವ ಕಾರವಾರದವರ ಸಂಬಳ ನಿಂತಿತು. ಅಷ್ಟೇ ಅಲ್ಲ. ತುರ್ತು ಇದ್ದರೆ ನಾವು ಓಡುವುದು ಗೋವಾದ ಬಾಂಬೋಲಿಗೆ, ಮಣಿಪಾಲಕ್ಕೆ, ಮಂಗಳೂರಿಗೆ. ಜಿಲ್ಲೆಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ 2019ರಲ್ಲೇ ಜನ ದೊಡ್ಡ ದನಿಯಲ್ಲಿ ಕೇಳಿದ್ದರು. ದಾರಿ ಮುಚ್ಚಿದ ಮಾರ್ಚ್‌ನಲ್ಲಿ ಡಯಾಲಿಸಿಸ್‌ನವರು, ಕ್ಯಾನ್ಸರಿನವರು, ತುಂಬು ಗರ್ಭಿಣಿಯರು ಪಟ್ಟ ಭಯಕ್ಕೂ ವೈರಸ್ಸಿಗೂ ಸಂಬಂಧವಿರಲಿಲ್ಲ. ಜನ ಹೆದರಿದ್ದು ಯಾತಕ್ಕೆ ಅಂತ ಲೆಕ್ಕ ಹಾಕುವಾಗ ಇದನ್ನು ಬಿಡಬಾರದು.

ಬಾಗಿಲಿಗೆ ಬಂದವರು

ಆ ದಿನಗಳಲ್ಲಿ ಜನರ ಮನಸ್ಸು ಬದಲಿಸಿದ್ದು ಟಿವಿಯಲ್ಲ ಅಂತ ನಾನು ಹೇಳುತ್ತೇನೆ. ಆಶಾ ಕಾರ್ಯಕರ್ತೆಯರು. ಬಿಸಿಲಿನಲ್ಲಿ ಮನೆಮನೆಗೆ ಬಂದು, ಯಾರಿಗೆ ಜ್ವರ, ಯಾರು ಹೊರಗಿನಿಂದ ಬಂದಿದ್ದಾರೆ, ಮನೆಯಲ್ಲಿ ವಯಸ್ಸಾದವರು ಎಷ್ಟು ಅಂತ ಬರೆದುಕೊಂಡು ಹೋದವರು. ಅದೇ ಊರಿನ ಸೊಸೆ, ಅದೇ ಕೇರಿಯ ಅಕ್ಕ. ಕಳೆದ ವರ್ಷ ಮಗುವಿಗೆ ಪೋಲಿಯೋ ಹನಿ ಹಾಕಿಸಿದವರು. "ಅಮ್ಮಾ, ಮಗ ಮುಂಬೈಯಿಂದ ಬಂದ್ರೆ ಹೆದರಬೇಡಿ. ಅವನಿಗೆ ಬೇರೆ ಕೋಣೆ ಕೊಡಿ, ತಟ್ಟೆ ಲೋಟ ಬೇರೆ ಇಡಿ, ಕೆಮ್ಮು ಬಂದರೆ ನನಗೆ ಫೋನ್ ಮಾಡಿ" ಅಂತ ಪರಿಚಯದ ದನಿಯಲ್ಲಿ ಹೇಳಿದಾಗ ಅದು ಕಾನೂನಿನ ಹಾಗೆ ಕೇಳಿಸಲಿಲ್ಲ. ಆ ಮಾತಿನಲ್ಲಿ ಕಾಯಿಲೆ ಹೇಗೆ ಹರಡುತ್ತದೆ ಅನ್ನುವ ವಿವರವೂ ಇದೆ, ಮಗನನ್ನು ದೂರ ಮಾಡಬೇಕಿಲ್ಲ ಅನ್ನುವ ಸಮಾಧಾನವೂ ಇದೆ. ಇಷ್ಟು ಕೆಲಸ ಮಾಡಿದ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಆ ವರ್ಷ ಜುಲೈನಲ್ಲಿ ರಾಜ್ಯದ ತುಂಬ ಮುಷ್ಕರ ಕೂರಬೇಕಾಯಿತು.

ಘಟ್ಟದ ಮೇಲೆ ಸಿದ್ದಾಪುರದ ಕಡೆ ಇನ್ನೊಂದು ಕಾಯಿಲೆ ಇದೆ, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಬೇಸಿಗೆಯಲ್ಲಿ ಕಾಡಿನ ಉಣುಗು ಕಚ್ಚಿ ಬರುತ್ತದೆ. 2020ರ ಆ ಮಾರ್ಚ್‌ನಲ್ಲೂ ಕಾಡಂಚಿನ ಹಳ್ಳಿಗಳಿಗೆ ಹತ್ತಿರದ ಭಯ ಅದೇ. ಅಲ್ಲಿ ಓಟವಿಲ್ಲ, ದಾರಿಗೆ ಬೇಲಿಯಿಲ್ಲ, ಜ್ವರ ಬಂದವರ ಮನೆಯನ್ನು ದೂರ ಇಡುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಕುದಿಸುತ್ತಾರೆ. ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಸುದ್ದಿ ಕೊಡುತ್ತಾರೆ. ಇದಕ್ಕಿದ್ದ ಲಸಿಕೆಯ ಶಕ್ತಿ ಕುಂದಿದೆ ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸದಕ್ಕೆ ಕೆಲಸ ನಡೆಯುತ್ತಿದೆ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಮತ್ತೆ ಜೋರಾದಾಗ ಆ ಹಳ್ಳಿಗಳ ಕೈಯಲ್ಲಿ ಇದ್ದದ್ದು ಎಣ್ಣೆ, ಬಿಸಿನೀರು, ಮತ್ತು ಸತ್ತ ಮಂಗದ ಸುದ್ದಿಯನ್ನು ಅದೇ ದಿನ ಮುಟ್ಟಿಸುವ ಅಭ್ಯಾಸ.